ಟೊಲುಯೀನ್‌ನಲ್ಲಿ ಐದು ಗೆರೆ ಏಕೆ? ಕಾರ್ಬನ್ ಪರಿಸರಗಳನ್ನು ಎಣಿಸುವ ಬಗೆ

ಪ್ರಶ್ನೆ: ನಾನು ಬಿ.ಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿನಿ. ಅಣುವಿನ ರಚನೆ ಕೊಟ್ಟು ‘ಕಾರ್ಬನ್-13 ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿಟ್ಟ ನ್ಯೂಕ್ಲಿಯಸ್‌ಗಳು ರೇಡಿಯೋ ತರಂಗಕ್ಕೆ ಸ್ಪಂದಿಸುವುದನ್ನು ಅಳೆಯುವ ವಿಧಾನ) ಎಷ್ಟು ಸಿಗ್ನಲ್‌ಗಳು ಬರುತ್ತವೆ’ ಎಂದು ಕೇಳಿದರೆ, ಪ್ರತಿ ಕಾರ್ಬನ್ನಿನ ಅಕ್ಕಪಕ್ಕದಲ್ಲಿ ಏನಿದೆ ಎಂದು ನೋಡಿ ಎಣಿಸುತ್ತೇನೆ. ಟೊಲುಯೀನ್‌ಗೆ ನಾಲ್ಕು ಬಂತು, ಉತ್ತರ ಐದು. 3-ಮೀಥೈಲ್-2-ಬ್ಯೂಟನಾಲ್‌ಗೆ ನಾಲ್ಕು ಎಂದು ಬರೆದೆ, ಅದಕ್ಕೂ ಉತ್ತರ ಐದು. ಡೈಮೀಥೈಲ್ ಫಾರ್ಮಮೈಡ್‌ಗೆ ಎರಡು ಎಂದೆ, ಉತ್ತರ ಮೂರು. ನಾನು ಎಲ್ಲಿ ಎಡವುತ್ತಿದ್ದೇನೆ? ಕಣ್ಣುಮುಚ್ಚಿ ನಂಬಬಹುದಾದ ಒಂದು ವಿಧಾನ ಇದೆಯೇ?

ಉತ್ತರ: ನಿಮ್ಮ ಮೂರು ತಪ್ಪುಗಳೂ ಒಂದೇ ಬಗೆಯವಲ್ಲ. ಟೊಲುಯೀನ್‌ನಲ್ಲಿ ನೀವು ಸಾಕಷ್ಟು ದೂರ ನೋಡಲಿಲ್ಲ. ಆಲ್ಕೊಹಾಲ್‌ನಲ್ಲಿ ಕಾಗದದ ಮೇಲಿನ ಚಪ್ಪಟೆ ಚಿತ್ರವನ್ನೇ ಅಣು ಎಂದುಕೊಂಡಿರಿ. ಫಾರ್ಮಮೈಡ್‌ನಲ್ಲಿ ಸುಲಭವಾಗಿ ತಿರುಗದ ಬಂಧವೊಂದನ್ನು ಮನಸ್ಸಿನಲ್ಲೇ ತಿರುಗಿಸಿಬಿಟ್ಟಿರಿ. ಈ ಮೂರು ಕಡೆ ಎಚ್ಚರ ವಹಿಸಿದರೆ ಪರೀಕ್ಷೆಯಲ್ಲಾಗಲಿ ಪ್ರಯೋಗಾಲಯದಲ್ಲಾಗಲಿ ಎಣಿಕೆ ತಪ್ಪುವುದು ಅಪರೂಪ.

ವಿಧಾನ ಖಂಡಿತ ಇದೆ, ಮತ್ತು ಅದು ಒಂದೇ ಒಂದು ಪ್ರಶ್ನೆಯಲ್ಲಿ ಅಡಗಿದೆ: ಈ ಕಾರ್ಬನ್ ಇದ್ದ ಜಾಗಕ್ಕೆ ಆ ಕಾರ್ಬನ್ನನ್ನು ತಂದು ನಿಲ್ಲಿಸಿ, ಇಡೀ ಅಣು ಮೊದಲಿನಂತೆಯೇ ಕಾಣುವ ಹಾಗೆ ಮಾಡಬಲ್ಲ ಸಮಮಿತಿ ಅಥವಾ ವೇಗದ ಚಲನೆ ಅಣುವಿನಲ್ಲಿದೆಯೇ? ಇದ್ದರೆ ಎರಡಕ್ಕೂ ಸೇರಿ ಒಂದು ಸಿಗ್ನಲ್. ಇಲ್ಲದಿದ್ದರೆ ಎರಡು. ‘ಅಕ್ಕಪಕ್ಕ ಏನಿದೆ’ ಎಂಬ ಪ್ರಶ್ನೆಯನ್ನು ನೀವು ಪೂರ್ತಿಯಾಗಿ ಕೈಬಿಡಬೇಕು ಎಂಬುದು ನನ್ನ ಒತ್ತಾಯ. ಚಿಕ್ಕ ಅಣುಗಳಲ್ಲಿ ಅದು ಸರಿಯುತ್ತರ ಕೊಡುತ್ತದೆ; ಆ ಕಾರಣಕ್ಕೇ ಅಭ್ಯಾಸವಾಗಿಬಿಡುತ್ತದೆ, ಮುಂದೆ ಕೈಕೊಡುತ್ತದೆ.

ಮೊದಲು ಉಪಕರಣ ನೋಡುವುದು ಏನನ್ನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪ್ರಕೃತಿಯಲ್ಲಿರುವ ಕಾರ್ಬನ್ನಿನಲ್ಲಿ ಸುಮಾರು ಶೇ. 99ರಷ್ಟು ಕಾರ್ಬನ್-12. ಅದರ ನ್ಯೂಕ್ಲಿಯಸ್‌ಗೆ ಸ್ಪಿನ್ ಇಲ್ಲ, ಹಾಗಾಗಿ ಎನ್‌ಎಂಆರ್‌ಗೆ ಅದು ಕಾಣುವುದೇ ಇಲ್ಲ. ಕಾಣುವುದು ಶೇ. 1.1ರಷ್ಟಿರುವ ಕಾರ್ಬನ್-13 ಮಾತ್ರ. ಯಾವುದೇ ಎರಡು ಪಕ್ಕದ ಕಾರ್ಬನ್‌ಗಳು ಒಂದೇ ಅಣುವಿನಲ್ಲಿ ಏಕಕಾಲಕ್ಕೆ ಕಾರ್ಬನ್-13 ಆಗಿರುವ ಸಾಧ್ಯತೆ ಎಂಟು ಸಾವಿರಕ್ಕೆ ಒಂದರಷ್ಟು. ಆದ್ದರಿಂದ ಕಾರ್ಬನ್‌ಗಳು ಪರಸ್ಪರ ಗೆರೆ ಒಡೆಯುವ ಪ್ರಶ್ನೆ ಸಾಮಾನ್ಯ ರೋಹಿತದಲ್ಲಿ ಬರುವುದಿಲ್ಲ. ಹೈಡ್ರೋಜನ್‌ಗಳಿಂದ ಆಗುವ ಒಡಕನ್ನು ಡಿಕಪ್ಲಿಂಗ್ ಮಾಡಿ, ಅಂದರೆ ಹೈಡ್ರೋಜನ್‌ಗಳಿಗೆ ಪ್ರತ್ಯೇಕ ರೇಡಿಯೋ ತರಂಗ ಹಾಯಿಸಿ, ಅಳಿಸಿರುತ್ತಾರೆ. ಉಳಿಯುವುದು ಒಂದು ಪರಿಸರಕ್ಕೆ ಒಂದು ಒಂಟಿ ಗೆರೆ. ಎಥನಾಲ್‌ನಲ್ಲಿ 18 ಪಿಪಿಎಂ (ರೋಹಿತದಲ್ಲಿ ಗೆರೆಯ ಜಾಗ ಹೇಳುವ ಅಳತೆ) ಬಳಿ ಮೀಥೈಲ್, 58ರ ಬಳಿ ಆಮ್ಲಜನಕಕ್ಕೆ ಅಂಟಿದ ಕಾರ್ಬನ್, ಅಷ್ಟೇ. ಪ್ರೋಟಾನ್ ರೋಹಿತದ ಗೋಜಲುಗಳಿಗೆ ಹೋಲಿಸಿದರೆ ಇದು ಎಷ್ಟು ಸ್ವಚ್ಛ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಎಣಿಕೆಗೆ ಇಷ್ಟು ಬೆಲೆ ಬಂದಿರುವುದು ಈ ಸ್ವಚ್ಛತೆಯಿಂದಲೇ.

ಈಗ ಟೊಲುಯೀನ್. ಉಂಗುರವನ್ನು ಬರೆದು ಮೀಥೈಲ್ ಗುಂಪನ್ನು ಮೇಲ್ತುದಿಗೆ ಇಡಿ. ಮೀಥೈಲ್ ಅಂಟಿದ ಕಾರ್ಬನ್ನಿಗೆ ಇಪ್ಸೋ ಎನ್ನುತ್ತಾರೆ. ಅದರ ಎರಡೂ ಪಕ್ಕದಲ್ಲಿ ಆರ್ಥೋ, ಅವುಗಳ ಆಚೆ ಮೆಟಾ, ಕೆಳತುದಿಯಲ್ಲಿ ಪ್ಯಾರಾ. ನಿಮ್ಮ ಲೆಕ್ಕದಲ್ಲಿ ಮೆಟಾ ಕಾರ್ಬನ್ನಿನ ಎರಡೂ ಪಕ್ಕದಲ್ಲಿ ಸಿಎಚ್ ಇದೆ, ಪ್ಯಾರಾ ಕಾರ್ಬನ್ನಿನ ಎರಡೂ ಪಕ್ಕದಲ್ಲಿಯೂ ಸಿಎಚ್ ಇದೆ. ಆದ್ದರಿಂದ ಎರಡೂ ಒಂದೇ ಎಂದು ಸೇರಿಸಿದಿರಿ. ಆದರೆ ಮೆಟಾದಿಂದ ಮೀಥೈಲ್ ಹೊತ್ತ ಕಾರ್ಬನ್ನಿಗೆ ಹತ್ತಿರದ ದಾರಿಯಲ್ಲಿ ಎರಡು ಬಂಧಗಳ ದೂರ, ಪ್ಯಾರಾದಿಂದ ಮೂರು. ಮೀಥೈಲ್‌ನ ಪ್ರಭಾವ ಉಂಗುರದ ಎಲೆಕ್ಟ್ರಾನ್‌ಗಳ ಮೂಲಕ ಎರಡಕ್ಕೂ ತಲುಪುತ್ತದೆ, ಆದರೆ ಬೇರೆಬೇರೆ ಪ್ರಮಾಣದಲ್ಲಿ. ಮೆಟಾ 128.2 ಪಿಪಿಎಂ ಬಳಿ, ಪ್ಯಾರಾ 125.3ರ ಬಳಿ ಕಾಣಿಸುತ್ತವೆ. ಸುಮಾರು 3 ಪಿಪಿಎಂ ವ್ಯತ್ಯಾಸ ಚಿಕ್ಕದೆನಿಸಬಹುದು. ಕಾರ್ಬನ್ನಿಗೆ 100 ಮೆಗಾಹರ್ಟ್ಸ್ ಬಳಸುವ ಉಪಕರಣದಲ್ಲಿ ಅದು ಸುಮಾರು 300 ಹರ್ಟ್ಸ್. ಒಳ್ಳೆಯ ರೋಹಿತದಲ್ಲಿ ಒಂದು ಗೆರೆಯ ಅಗಲ ಒಂದೆರಡು ಹರ್ಟ್ಸ್. ಆ ಎರಡು ಗೆರೆಗಳ ನಡುವೆ ಖಾಲಿ ಜಾಗ ಬೇಕಾದಷ್ಟಿದೆ.

ಅದೇ ಚಿತ್ರವನ್ನು ಸಮಮಿತಿಯ ಕಣ್ಣಿನಿಂದ ನೋಡಿ. ಮೀಥೈಲ್‌ನಿಂದ ಹೊರಟು ಇಪ್ಸೋ ಮತ್ತು ಪ್ಯಾರಾ ಮೂಲಕ ಹಾಯುವ, ಕಾಗದಕ್ಕೆ ಲಂಬವಾದ ಒಂದು ಕನ್ನಡಿ ಸಮತಲವನ್ನು ಊಹಿಸಿಕೊಳ್ಳಿ. ಎಡದ ಆರ್ಥೋ ಬಲದ ಆರ್ಥೋ ಮೇಲೆ ಬೀಳುತ್ತದೆ, ಎಡದ ಮೆಟಾ ಬಲದ ಮೆಟಾ ಮೇಲೆ. ಹಾಗಾಗಿ ನಾಲ್ಕು ಕಾರ್ಬನ್‌ಗಳಿಗೆ ಎರಡು ಸಿಗ್ನಲ್. ಸಮತಲದ ಮೇಲೆಯೇ ಕುಳಿತ ಮೂರಕ್ಕೆ, ಅಂದರೆ ಮೀಥೈಲ್, ಇಪ್ಸೋ, ಪ್ಯಾರಾಗಳಿಗೆ ಜೊತೆಗಾರರಿಲ್ಲ. ಒಂದೊಂದಕ್ಕೂ ಒಂದೊಂದು ಸಿಗ್ನಲ್. ಒಟ್ಟು ಐದು. ಏಕೈಕ ಕನ್ನಡಿ ಸಮತಲ ಇರುವ ಅಣುವಿನಲ್ಲಿ ಇದೇ ಲೆಕ್ಕ: ಸಮತಲದ ಮೇಲಿರುವವು ಒಂಟಿ, ಆಚೀಚೆ ಇರುವವು ಜೋಡಿ. ಮಾದರಿ ಉತ್ತರವನ್ನು ನೋಡುವ ಮೊದಲು ಪೆನ್ಸಿಲ್‌ನಲ್ಲಿ ಆ ಸಮತಲವನ್ನು ಎಳೆಯುವ ಅಭ್ಯಾಸ ಮಾಡಿಕೊಳ್ಳಿ.

ಕ್ಸೈಲೀನ್‌ಗಳಲ್ಲಿ ಇದನ್ನೇ ಪ್ರಯೋಗಿಸಿ ನೋಡೋಣ. ಮೂರಕ್ಕೂ ಎಂಟೆಂಟು ಕಾರ್ಬನ್‌ಗಳು, ಮೂರರಲ್ಲೂ ಎರಡು ಮೀಥೈಲ್ ಗುಂಪುಗಳು. ಆರ್ಥೋ ಕ್ಸೈಲೀನ್‌ನಲ್ಲಿ ಸಮತಲ ಎರಡು ಬಂಧಗಳ ಮಧ್ಯದಿಂದ ಹಾಯುತ್ತದೆ. ಯಾವ ಕಾರ್ಬನ್ನೂ ಅದರ ಮೇಲಿಲ್ಲ, ಎಲ್ಲವೂ ಜೋಡಿ, ನಾಲ್ಕು ಸಿಗ್ನಲ್. ಮೆಟಾದಲ್ಲಿ ಸಮತಲ ಎರಡು ಉಂಗುರ ಕಾರ್ಬನ್‌ಗಳ ಮೂಲಕ ಹೋಗುತ್ತದೆ. ಅವೆರಡು ಒಂಟಿ, ಉಳಿದ ಆರು ಮೂರು ಜೋಡಿ, ಒಟ್ಟು ಐದು. ಪ್ಯಾರಾದಲ್ಲಿ ಒಂದಕ್ಕೊಂದು ಲಂಬವಾದ ಎರಡು ಸಮತಲಗಳಿವೆ. ಉಂಗುರದ ನಾಲ್ಕು ಸಿಎಚ್‌ಗಳೂ ಒಂದಾಗಿ, ಒಟ್ಟು ಮೂರೇ ಸಿಗ್ನಲ್. ನಾಲ್ಕು, ಐದು, ಮೂರು: ಬಾಟಲಿಯ ಮೇಲಿನ ಚೀಟಿ ಹರಿದುಹೋಗಿದ್ದರೂ ರೋಹಿತದ ಗೆರೆಗಳನ್ನು ಎಣಿಸಿ ಯಾವುದು ಯಾವ ಕ್ಸೈಲೀನ್ ಎಂದು ಹೇಳಬಹುದು.

ಈ ತರ್ಕ ಎನ್‌ಎಂಆರ್‌ಗಿಂತ ಎಷ್ಟೋ ಹಳೆಯದು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜರ್ಮನಿಯಲ್ಲಿ ಹುಟ್ಟಿ ಇಟಲಿಯಲ್ಲಿ ಕೆಲಸ ಮಾಡಿದ ವಿಲ್ಹೆಲ್ಮ್ ಕೋರ್ನರ್ 1874ರಲ್ಲಿ ಪ್ರಕಟಿಸಿದ ವಿಧಾನ ನೋಡಿ. ಮೂರು ಡೈಬ್ರೋಮೋಬೆಂಜೀನ್‌ಗಳಲ್ಲಿ ಆರ್ಥೋ ಯಾವುದು, ಮೆಟಾ ಯಾವುದು, ಪ್ಯಾರಾ ಯಾವುದು ಎಂದು ತಿಳಿಯಬೇಕಿತ್ತು. ಪ್ರತಿಯೊಂದಕ್ಕೂ ಮೂರನೆಯ ಗುಂಪನ್ನು ಸೇರಿಸಿದರೆ ಎಷ್ಟು ಬೇರೆಬೇರೆ ಉತ್ಪನ್ನಗಳು ಸಿಗಬಲ್ಲವು ಎಂದು ಅವರು ಎಣಿಸಿದರು. ಆರ್ಥೋದಿಂದ ಎರಡು, ಮೆಟಾದಿಂದ ಮೂರು, ಪ್ಯಾರಾದಿಂದ ಒಂದೇ. ಏಕೆಂದರೆ ಹೈಡ್ರೋಜನ್ ಇರುವ ಬೇರೆಬೇರೆ ಬಗೆಯ ಸ್ಥಾನಗಳು ಆರ್ಥೋದಲ್ಲಿ ಎರಡು, ಮೆಟಾದಲ್ಲಿ ಮೂರು, ಪ್ಯಾರಾದಲ್ಲಿ ಒಂದು. ಬ್ರೋಮಿನ್ ಹೊತ್ತ ಕಾರ್ಬನ್ನನ್ನೂ ಒಂದು ಬಗೆ ಎಂದು ಸೇರಿಸಿಕೊಂಡರೆ ಮೂರು, ನಾಲ್ಕು, ಎರಡು. ಇಂದು ಅದೇ ಮೂರು ದ್ರವ್ಯಗಳ ಕಾರ್ಬನ್ ರೋಹಿತ ತೆಗೆದರೆ ಬರುವ ಗೆರೆಗಳೂ ಅಷ್ಟೇ. ಕೋರ್ನರ್ ತಿಂಗಳುಗಟ್ಟಲೆ ಹರಳುಗಟ್ಟಿಸಿ ಬೇರ್ಪಡಿಸಿ ಎಣಿಸಬೇಕಾಗಿದ್ದನ್ನು ನಾವು ಕೆಲವೇ ನಿಮಿಷಗಳಲ್ಲಿ ಕಾಣುತ್ತೇವೆ.

ಕೋರ್ನರ್ ಅವರ ಯೋಚನೆಯನ್ನೇ ನೀವು ಮನಸ್ಸಿನಲ್ಲಿ ಮಾಡುವ ಪರೀಕ್ಷೆಯಾಗಿ ಬಳಸಬಹುದು. ಸಂಶಯ ಬಂದ ಎರಡು ಕಾರ್ಬನ್‌ಗಳಲ್ಲಿ ಮೊದಲು ಒಂದಕ್ಕೆ ಗುರುತು ಹಾಕಿ, ಅಂದರೆ ಅದನ್ನು ಕಾರ್ಬನ್-13 ಎಂದು ಭಾವಿಸಿ. ಬಳಿಕ ಇನ್ನೊಂದಕ್ಕೆ ಮಾತ್ರ. ಸಿಕ್ಕ ಎರಡು ಅಣುಗಳನ್ನು ಹೋಲಿಸಿ. ಎರಡೂ ಒಂದೇ ಅಣುವಾದರೆ ಆ ಕಾರ್ಬನ್‌ಗಳು ಹೋಮೋಟಾಪಿಕ್. ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬವಾದರೆ ಎನಾನ್ಶಿಯೋಟಾಪಿಕ್. ಇವೆರಡು ಸಂದರ್ಭಗಳಲ್ಲೂ ಸಾಮಾನ್ಯ ದ್ರಾವಕದಲ್ಲಿ ಒಂದೇ ಸಿಗ್ನಲ್. ಎರಡೂ ಡಯಾಸ್ಟೀರಿಯೋಮರ್‌ಗಳಾದರೆ, ಅಂದರೆ ಬಂಧಗಳು ಅವೇ ಆಗಿದ್ದೂ ಒಂದೇ ಅಣುವೂ ಅಲ್ಲದ ಪ್ರತಿಬಿಂಬಗಳೂ ಅಲ್ಲದ ರೂಪಗಳಾದರೆ, ಆ ಕಾರ್ಬನ್‌ಗಳು ಡಯಾಸ್ಟೀರಿಯೋಟಾಪಿಕ್, ಸಿಗ್ನಲ್ ಎರಡು. ನಿಮ್ಮ ಎರಡನೆಯ ತಪ್ಪು ನಡೆದಿರುವುದು ಇಲ್ಲಿಯೇ.

3-ಮೀಥೈಲ್-2-ಬ್ಯೂಟನಾಲ್‌ನಲ್ಲಿ ಎರಡನೆಯ ಕಾರ್ಬನ್ನಿಗೆ ನಾಲ್ಕು ಬೇರೆಬೇರೆ ಗುಂಪುಗಳು ಅಂಟಿವೆ: ಹೈಡ್ರೋಜನ್, ಹೈಡ್ರಾಕ್ಸಿಲ್, ಮೀಥೈಲ್, ಐಸೋಪ್ರೊಪೈಲ್. ಅದು ಕೈರಲ್, ಅಂದರೆ ಎಡಗೈ-ಬಲಗೈಗಳಂತೆ ತನ್ನ ಕನ್ನಡಿ ಪ್ರತಿಬಿಂಬದ ಜೊತೆ ಹೊಂದಿಕೆಯಾಗದ್ದು. ಪಕ್ಕದ ಐಸೋಪ್ರೊಪೈಲ್‌ನ ಎರಡು ಮೀಥೈಲ್‌ಗಳಲ್ಲಿ ಒಂದಕ್ಕೆ ಗುರುತು ಹಾಕಿದ ಕೂಡಲೇ ಮೂರನೆಯ ಕಾರ್ಬನ್ ಕೂಡ ಕೈರಲ್ ಆಗುತ್ತದೆ. ಗುರುತನ್ನು ಇನ್ನೊಂದು ಮೀಥೈಲ್‌ಗೆ ಬದಲಿಸಿದರೆ ಮೂರನೆಯ ಕಾರ್ಬನ್ನಿನ ವಿನ್ಯಾಸ ತಿರುವುಮುರುವಾಗುತ್ತದೆ, ಎರಡನೆಯದರ ವಿನ್ಯಾಸ ಮಾತ್ರ ಇದ್ದಂತೆಯೇ ಇರುತ್ತದೆ. ಹೀಗೆ ಸಿಗುವ ಎರಡು ಅಣುಗಳು ಪ್ರತಿಬಿಂಬಗಳಲ್ಲ, ಡಯಾಸ್ಟೀರಿಯೋಮರ್‌ಗಳು. ಆದ್ದರಿಂದ ಎರಡು ಮೀಥೈಲ್‌ಗಳಿಗೆ ಎರಡು ಸಿಗ್ನಲ್, ಒಟ್ಟು ಐದು. ಎರಡೂ 18 ಪಿಪಿಎಂ ಆಸುಪಾಸಿನಲ್ಲಿ ಅಕ್ಕಪಕ್ಕವೇ ಇರುತ್ತವೆ, ಆದರೆ ಬೇರೆಬೇರೆಯಾಗಿ.

‘ಬಂಧ ತಿರುಗುತ್ತಲೇ ಇರುತ್ತದಲ್ಲ, ಎರಡೂ ಮೀಥೈಲ್‌ಗಳು ಎಲ್ಲ ಜಾಗಗಳಿಗೂ ಹೋಗಿಬಂದು ಸರಾಸರಿ ಒಂದೇ ಆಗಬೇಕಲ್ಲವೇ’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ, ಮತ್ತು ಬಹಳಷ್ಟು ಮಂದಿ ಸಿಕ್ಕಿಬೀಳುವುದು ಇಲ್ಲಿಯೇ. ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸೋಣ. ಎರಡನೆಯ ಮತ್ತು ಮೂರನೆಯ ಕಾರ್ಬನ್ ನಡುವಿನ ಬಂಧದ ಉದ್ದಕ್ಕೂ ಕಣ್ಣಿಟ್ಟು ನ್ಯೂಮನ್ ಚಿತ್ರ ಬರೆಯಿರಿ. ಮುಂದಿನ ಕಾರ್ಬನ್ನಿನಲ್ಲಿ ಹೈಡ್ರಾಕ್ಸಿಲ್, ಮೀಥೈಲ್, ಹೈಡ್ರೋಜನ್ ಪ್ರದಕ್ಷಿಣೆಯಾಗಿ ಇವೆ ಎಂದುಕೊಳ್ಳಿ. ಅವುಗಳ ನಡುವೆ ಮೂರು ಸಂದುಗಳಿವೆ: ಹೈಡ್ರಾಕ್ಸಿಲ್–ಮೀಥೈಲ್ ಸಂದು, ಮೀಥೈಲ್–ಹೈಡ್ರೋಜನ್ ಸಂದು, ಹೈಡ್ರೋಜನ್–ಹೈಡ್ರಾಕ್ಸಿಲ್ ಸಂದು. ಹಿಂದಿನ ಕಾರ್ಬನ್ನಿನ ಎರಡು ಮೀಥೈಲ್‌ಗಳನ್ನು ‘ಅ’ ಮತ್ತು ‘ಆ’ ಎಂದು ಕರೆಯೋಣ. ಅ, ಆ, ಹೈಡ್ರೋಜನ್ ಇದೇ ಕ್ರಮದಲ್ಲಿ ಪ್ರದಕ್ಷಿಣೆಯಾಗಿ ಕುಳಿತಿವೆ. ಈಗ ‘ಅ’ ಹೈಡ್ರಾಕ್ಸಿಲ್–ಮೀಥೈಲ್ ಸಂದಿನಲ್ಲಿ ಇದ್ದಾಗ ‘ಆ’ ಇರುವುದು ಮೀಥೈಲ್–ಹೈಡ್ರೋಜನ್ ಸಂದಿನಲ್ಲಿ. ಬಂಧವನ್ನು ತಿರುಗಿಸಿ ‘ಆ’ಯನ್ನು ಹೈಡ್ರಾಕ್ಸಿಲ್–ಮೀಥೈಲ್ ಸಂದಿಗೆ ತನ್ನಿ. ಆಗ ‘ಅ’ ಎಲ್ಲಿದೆ? ಹೈಡ್ರೋಜನ್–ಹೈಡ್ರಾಕ್ಸಿಲ್ ಸಂದಿನಲ್ಲಿ. ಅಂದರೆ ‘ಅ’ ಆ ಸಂದಿನಲ್ಲಿದ್ದಾಗಿನ ಅಣುವಿನ ಆಕಾರ ಬೇರೆ, ‘ಆ’ ಅದೇ ಸಂದಿನಲ್ಲಿದ್ದಾಗಿನ ಆಕಾರ ಬೇರೆ. ಮೂರು ಸಂದುಗಳನ್ನೂ ಸುತ್ತಿಸಿ ನೋಡಿ. ಒಂದು ಮೀಥೈಲ್ ಅನುಭವಿಸುವ ಸ್ಥಿತಿಯನ್ನು ಇನ್ನೊಂದು ಯಾವತ್ತೂ ಅನುಭವಿಸುವುದಿಲ್ಲ. ಎಷ್ಟೇ ವೇಗವಾಗಿ ತಿರುಗಿದರೂ ಸರಾಸರಿಗಳು ಬೇರೆಯಾಗಿಯೇ ಉಳಿಯುತ್ತವೆ.

ಇದು ಮನಸ್ಸಿಗೆ ಇಳಿಯದಿದ್ದರೆ ಚೆಂಡು-ಕಡ್ಡಿ ಮಾದರಿ ತೆಗೆದುಕೊಂಡು ಎರಡು ಮೀಥೈಲ್‌ಗಳಿಗೆ ಎರಡು ಬಣ್ಣ ಹಾಕಿ ಕೈಯಲ್ಲೇ ತಿರುಗಿಸಿ. ಚಿತ್ರ ನೋಡಿ ಒಪ್ಪಿಕೊಳ್ಳುವುದಕ್ಕೂ ಕೈಯಲ್ಲಿ ಹಿಡಿದು ಒಪ್ಪಿಕೊಳ್ಳುವುದಕ್ಕೂ ಬಹಳ ಅಂತರವಿದೆ.

ಇದೇ ಅಣುವನ್ನು ಉತ್ಕರ್ಷಿಸಿ ಕೀಟೋನ್ ಮಾಡಿದರೆ ಸಿಗುವುದು 3-ಮೀಥೈಲ್-2-ಬ್ಯೂಟನೋನ್. ಕಾರ್ಬನ್ ಚೌಕಟ್ಟು ಅದೇ, ಐಸೋಪ್ರೊಪೈಲ್ ಅದೇ. ಆದರೆ ಎರಡನೆಯ ಕಾರ್ಬನ್ ಈಗ ಕಾರ್ಬೊನಿಲ್, ಕೈರಲ್ ಅಲ್ಲ. ಎರಡು ಮೀಥೈಲ್‌ಗಳ ನಡುವೆ ಕನ್ನಡಿ ಸಮತಲ ಮರಳಿ ಬಂದಿದೆ, 18 ಪಿಪಿಎಂ ಬಳಿಯ ಎರಡು ಗೆರೆಗಳು ಒಂದಾಗಿವೆ, ಒಟ್ಟು ನಾಲ್ಕು. ಮೀಥೈಲ್‌ಗಳ ಅಕ್ಕಪಕ್ಕದಲ್ಲಿ ಏನೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಪಕ್ಕದವರನ್ನು ನೋಡಿ ಎಣಿಸುವ ವಿಧಾನ ಈ ವ್ಯತ್ಯಾಸವನ್ನು ಎಂದೂ ಹಿಡಿಯಲಾರದು.

ಕೈರಲ್ ಕೇಂದ್ರ ಪಕ್ಕದಲ್ಲೇ ಇರಬೇಕೆಂದಿಲ್ಲ; ಪಕ್ಕದಲ್ಲಿದ್ದಾಗ ಅಂತರ ದೊಡ್ಡದೂ ಆಗಬಹುದು. ಮೆಂಥಾಲ್‌ನಲ್ಲಿ ಹತ್ತು ಕಾರ್ಬನ್‌ಗಳು, ಹತ್ತು ಸಿಗ್ನಲ್‌ಗಳು. ಅದರ ಐಸೋಪ್ರೊಪೈಲ್ ಗುಂಪಿನ ಎರಡು ಮೀಥೈಲ್‌ಗಳ ನಡುವಿನ ಅಂತರ ಒಂದು ಪಿಪಿಎಂನ ಭಾಗವಲ್ಲ. ಒಂದು 16ರ ಬಳಿ, ಇನ್ನೊಂದು 21ರ ಬಳಿ. ರಚನೆಯಲ್ಲಿ ಎಲ್ಲಿಯಾದರೂ ಕೈರಲ್ ಕೇಂದ್ರ ಕಂಡರೆ, ಎಲ್ಲಿಯಾದರೂ ಐಸೋಪ್ರೊಪೈಲ್ ಕಂಡರೆ, ಆ ಎರಡು ಮೀಥೈಲ್‌ಗಳನ್ನು ಬೇರೆ ಎಂದೇ ಎಣಿಸಿ.

ಎನಾನ್ಶಿಯೋಟಾಪಿಕ್ ಕಾರ್ಬನ್‌ಗಳ ವಿಷಯದಲ್ಲಿ ಒಂದು ಮಾತು. ಸಿಟ್ರಿಕ್ ಆಮ್ಲದಲ್ಲಿ ಆರು ಕಾರ್ಬನ್‌ಗಳಿವೆ. ನಡುವಿನ ಕಾರ್ಬನ್, ಅದಕ್ಕೆ ಅಂಟಿದ ಕಾರ್ಬಾಕ್ಸಿಲ್, ಮತ್ತು ಎರಡು ಒಂದೇ ಬಗೆಯ ತೋಳುಗಳು. ಆ ತೋಳುಗಳು ಒಂದಕ್ಕೊಂದು ಕನ್ನಡಿ ಪ್ರತಿಬಿಂಬ. ಎನ್‌ಎಂಆರ್‌ಗೆ ಅವು ಒಂದೇ, ಹಾಗಾಗಿ ನಾಲ್ಕು ಗೆರೆಗಳು. ಆದರೆ ಜೀವಕೋಶದ ಅಕೋನಿಟೇಸ್ ಕಿಣ್ವ ಆ ಎರಡು ತೋಳುಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಒಂದೇ ಬಗೆಯ ಎರಡು ಗುಂಪುಗಳನ್ನು ಕಿಣ್ವ ಹೇಗೆ ಬೇರ್ಪಡಿಸಬಲ್ಲದು ಎಂಬ ಗೊಂದಲವನ್ನು 1948ರಲ್ಲಿ ಬ್ರಿಟಿಷ್ ಜೀವರಸಾಯನ ವಿಜ್ಞಾನಿ ಆಗ್‌ಸ್ಟನ್ ಬಿಡಿಸಿದರು: ಕಿಣ್ವ ತಾನೇ ಕೈರಲ್, ಅದು ಅಣುವನ್ನು ಮೂರು ಬಿಂದುಗಳಲ್ಲಿ ಹಿಡಿದರೆ ಎಡ ಬಲ ತಿಳಿಯುತ್ತದೆ. ನಮ್ಮ ಕ್ಲೋರೋಫಾರ್ಮ್‌ಗೆ ಆ ಎಡ-ಬಲದ ಅರಿವಿಲ್ಲ. ‘ಸಾಮಾನ್ಯ ದ್ರಾವಕದಲ್ಲಿ’ ಎಂದು ಮೇಲೆ ಸೇರಿಸಿದ್ದು ಇದಕ್ಕಾಗಿ.

ಇನ್ನು ಚಲನೆ. ತೃತೀಯಕ ಬ್ಯೂಟೈಲ್ ಗುಂಪಿನ ಮೂರು ಮೀಥೈಲ್‌ಗಳು ಯಾವುದೇ ಒಂದು ಕ್ಷಣದಲ್ಲಿ ಬೇರೆಬೇರೆ ಜಾಗಗಳಲ್ಲಿರುತ್ತವೆ. ಆದರೆ ಒಂಟಿ ಬಂಧದ ತಿರುಗುವಿಕೆ ಎಷ್ಟು ವೇಗವೆಂದರೆ ಎನ್‌ಎಂಆರ್‌ಗೆ ಕಾಣುವುದು ಸರಾಸರಿ ಮಾತ್ರ, ಮತ್ತು ಇಲ್ಲಿ ತಿರುಗುವಿಕೆ ಮೂರನ್ನೂ ನಿಜವಾಗಿಯೇ ಒಂದರ ಜಾಗಕ್ಕೆ ಇನ್ನೊಂದನ್ನು ತರುತ್ತದೆ. ಆದ್ದರಿಂದ 2-ಮೀಥೈಲ್-2-ಪ್ರೊಪನಾಲ್‌ನಲ್ಲಿ ಎರಡೇ ಗೆರೆಗಳು. ದ್ವಿಬಂಧದಲ್ಲಿ ಈ ಸೌಲಭ್ಯ ಇಲ್ಲ. 2-ಮೀಥೈಲ್-2-ಬ್ಯೂಟೀನ್‌ನಲ್ಲಿ ಒಂದೇ ಕಾರ್ಬನ್ನಿಗೆ ಅಂಟಿದ ಎರಡು ಮೀಥೈಲ್‌ಗಳಲ್ಲಿ ಒಂದು, ಆಚೆ ತುದಿಯ ಮೀಥೈಲ್‌ನ ಬದಿಗಿದೆ. ಇನ್ನೊಂದು ಹೈಡ್ರೋಜನ್ ಬದಿಗಿದೆ. ಒಂದು 17ರ ಬಳಿ, ಇನ್ನೊಂದು 26ರ ಬಳಿ. ಒಟ್ಟು ಐದು ಕಾರ್ಬನ್, ಐದು ಗೆರೆ.

ಡೈಮೀಥೈಲ್ ಫಾರ್ಮಮೈಡ್ ಈ ಎರಡರ ನಡುವೆ ಇದೆ. ಸಾರಜನಕ ಮತ್ತು ಕಾರ್ಬೊನಿಲ್ ಕಾರ್ಬನ್ ನಡುವಿನ ಬಂಧವನ್ನು ನಾವು ಒಂಟಿ ಗೆರೆಯಾಗಿ ಬರೆಯುತ್ತೇವೆ, ಆದರೆ ಸಾರಜನಕದ ಎಲೆಕ್ಟ್ರಾನ್ ಜೋಡಿ ಕಾರ್ಬೊನಿಲ್ ಕಡೆಗೆ ಹಂಚಿಕೆಯಾಗುವುದರಿಂದ ಆ ಬಂಧಕ್ಕೆ ಭಾಗಶಃ ದ್ವಿಬಂಧದ ಗುಣ ಬಂದಿದೆ. ಅದನ್ನು ತಿರುಗಿಸಲು ಮೋಲ್‌ಗೆ ಸುಮಾರು 88 ಕಿಲೋಜೂಲ್ ಬೇಕು. ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಒಂದು ಸಲವೂ ತಿರುಗುವುದಿಲ್ಲ. ಹಾಗಾಗಿ ಆಮ್ಲಜನಕದ ಬದಿಯ ಮೀಥೈಲ್ ಬೇರೆ, ಹೈಡ್ರೋಜನ್ ಬದಿಯದು ಬೇರೆ: 31 ಮತ್ತು 36 ಪಿಪಿಎಂ ಬಳಿ ಎರಡು ಗೆರೆಗಳು, 162ರ ಆಚೆ ಕಾರ್ಬೊನಿಲ್. ಎರಡು ಮೀಥೈಲ್ ಗೆರೆಗಳು ಒಂದಾಗಬೇಕಾದರೆ ಅವುಗಳ ಆವೃತ್ತಿಗಳ ಅಂತರಕ್ಕಿಂತ ತಿರುಗುವಿಕೆ ವೇಗವಾಗಬೇಕು. 100 ಮೆಗಾಹರ್ಟ್ಸ್‌ನಲ್ಲಿ ಆ ಅಂತರ 500 ಹರ್ಟ್ಸ್‌ನಷ್ಟು; ಮಾದರಿಯನ್ನು ನೂರು ಡಿಗ್ರಿ ಸೆಲ್ಸಿಯಸ್‌ಗಿಂತ ಸಾಕಷ್ಟು ಮೇಲಕ್ಕೆ ಕಾಯಿಸಿದರೆ ಗೆರೆಗಳು ಅಗಲವಾಗುತ್ತಾ ಹೋಗಿ ಕೂಡಿಕೊಳ್ಳುತ್ತವೆ. ನೀವು ಬರೆದ ‘ಎರಡು’ ಕಾದ ಮಾದರಿಗೆ ಸರಿಯಾದ ಉತ್ತರ, ಕೋಣೆಯ ಉಷ್ಣತೆಗೆ ಅಲ್ಲ.

ಸೈಕ್ಲೋಹೆಕ್ಸೇನ್ ಉಂಗುರಗಳಲ್ಲಿ ಇದರ ವಿರುದ್ಧ ಪರಿಸ್ಥಿತಿ. ಸಿಸ್-1,2-ಡೈಮೀಥೈಲ್‌ಸೈಕ್ಲೋಹೆಕ್ಸೇನ್‌ನ ಕುರ್ಚಿ ರೂಪದಲ್ಲಿ ಒಂದು ಮೀಥೈಲ್ ಆಕ್ಸಿಯಲ್ (ಉಂಗುರಕ್ಕೆ ಲಂಬವಾಗಿ ನಿಂತದ್ದು), ಇನ್ನೊಂದು ಇಕ್ವಟೋರಿಯಲ್ (ಉಂಗುರದಿಂದ ಹೊರಕ್ಕೆ ಚಾಚಿದ್ದು). ಸಮಮಿತಿ ಏನೂ ಇಲ್ಲ, ಎಂಟು ಕಾರ್ಬನ್ನೂ ಬೇರೆ. ಆದರೆ ಕೋಣೆಯ ಉಷ್ಣತೆಯಲ್ಲಿ ಕುರ್ಚಿ ಸೆಕೆಂಡಿಗೆ ಲಕ್ಷದ ಆಸುಪಾಸು ಸಲ ಮಗುಚುತ್ತದೆ, ಮಗುಚಿದಾಗ ಎರಡು ಮೀಥೈಲ್‌ಗಳು ಪಾತ್ರ ಬದಲಿಸುತ್ತವೆ. ಬರುವುದು ನಾಲ್ಕೇ ಗೆರೆ. ಬಹಳ ತಣ್ಣಗೆ ಮಾಡಿ ಮಗುಚುವುದನ್ನು ನಿಲ್ಲಿಸಿದರೆ ಎಂಟೂ ಕಾಣುತ್ತವೆ. ಪರೀಕ್ಷೆಯಲ್ಲಿ ಉಂಗುರವನ್ನು ಚಪ್ಪಟೆಯಾಗಿ ಬರೆದು, ಗುಂಪುಗಳು ಮೇಲಿವೆಯೋ ಕೆಳಗಿವೆಯೋ ಎಂದಷ್ಟೇ ತೋರಿಸಿ ಸಮಮಿತಿ ಹುಡುಕಿ. ಮಗುಚುವಿಕೆಯ ಸರಾಸರಿ ಅದರಲ್ಲೇ ಅಡಕವಾಗಿದೆ.

ಪರಿಸರಗಳ ಸಂಖ್ಯೆಯೂ ರೋಹಿತದಲ್ಲಿ ಕಾಣುವ ಗೆರೆಗಳ ಸಂಖ್ಯೆಯೂ ಯಾವಾಗಲೂ ಒಂದೇ ಆಗಿರುವುದಿಲ್ಲ ಎಂಬುದು ನಿಮಗೆ ಪ್ರಯೋಗಾಲಯಕ್ಕೆ ಹೋದ ಮೊದಲ ದಿನವೇ ಎದುರಾಗುತ್ತದೆ. ಹೆಕ್ಸಾಡೆಕೇನ್‌ನಲ್ಲಿ ಹದಿನಾರು ಕಾರ್ಬನ್, ಸಮಮಿತಿಯ ಪ್ರಕಾರ ಎಂಟು ಪರಿಸರಗಳು. ತುದಿಯ ಮೂರನ್ನು 14, 23, 32ರ ಬಳಿ ಸ್ಪಷ್ಟವಾಗಿ ಗುರುತಿಸಬಹುದು. ಮಧ್ಯದವು 30ಕ್ಕೆ ಸ್ವಲ್ಪ ಕೆಳಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಪರಿಸರಗಳು ಬೇರೆಯೇ, ಉಪಕರಣಕ್ಕೆ ಬಿಡಿಸಲಾಗುತ್ತಿಲ್ಲ ಅಷ್ಟೇ. ಹೈಡ್ರೋಜನ್ ಇಲ್ಲದ ಕಾರ್ಬನ್‌ಗಳು, ಉದಾಹರಣೆಗೆ ಟೊಲುಯೀನ್‌ನ 138ರ ಬಳಿಯ ಇಪ್ಸೋ, ಪಲ್ಸ್‌ಗಳ ನಡುವೆ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ, ಡಿಕಪ್ಲಿಂಗ್‌ನಿಂದ ಬರುವ ವರ್ಧನೆಯೂ ಅವಕ್ಕೆ ಕಡಿಮೆ. ಅವುಗಳ ಗೆರೆ ಗಿಡ್ಡ; ದುರ್ಬಲ ಮಾದರಿಯಲ್ಲಿ ಗದ್ದಲದಲ್ಲೇ ಕಳೆದುಹೋಗಬಹುದು. ಇದೇ ಕಾರಣಕ್ಕೆ ಗೆರೆಯ ಎತ್ತರ ನೋಡಿ ಕಾರ್ಬನ್‌ಗಳ ಸಂಖ್ಯೆಯನ್ನು ಹೇಳಬಾರದು.

ಹೆಚ್ಚಾಗಿ ಕಾಣುವುದೂ ಉಂಟು. 77ರ ಬಳಿ ಸಮ ಎತ್ತರದ ಮೂರು ಗೆರೆಗಳಿದ್ದರೆ ಅದು ಡ್ಯುಟೀರಿಯಂ ಕ್ಲೋರೋಫಾರ್ಮ್, ನಿಮ್ಮ ದ್ರವ್ಯವಲ್ಲ. ಫ್ಲೋರೋಬೆಂಜೀನ್‌ನಲ್ಲಿ ಪರಿಸರಗಳು ನಾಲ್ಕು, ಗೆರೆಗಳು ಎಂಟು. ಡಿಕಪ್ಲಿಂಗ್ ಹೈಡ್ರೋಜನ್ ಒಡಕನ್ನು ಅಳಿಸುತ್ತದೆಯೇ ಹೊರತು ಫ್ಲೋರಿನ್‌ನದನ್ನಲ್ಲ. ಫ್ಲೋರಿನ್ ಹೊತ್ತ ಕಾರ್ಬನ್ 245 ಹರ್ಟ್ಸ್‌ನಷ್ಟು ಅಂತರದಲ್ಲಿ ಎರಡಾಗಿ ಒಡೆದಿರುತ್ತದೆ, ಆರ್ಥೋ ಸುಮಾರು 21, ಮೆಟಾ 8, ಪ್ಯಾರಾ 3 ಹರ್ಟ್ಸ್. ಅಸಿಟೈಲ್ಅಸಿಟೋನ್ ಇನ್ನೂ ಸ್ವಾರಸ್ಯಕರ: ಐದು ಕಾರ್ಬನ್‌ಗಳ ಅಣು, ಆರು ಗೆರೆಗಳು. ಕೀಟೋ ಮತ್ತು ಈನಾಲ್ (ಕಾರ್ಬನ್ನಿನ ಒಂದು ಹೈಡ್ರೋಜನ್ ಆಮ್ಲಜನಕಕ್ಕೆ ಸರಿದ) ರೂಪಗಳು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಬದಲಾಗುವುದರಿಂದ ಎರಡೂ ಪ್ರತ್ಯೇಕವಾಗಿ ಕಾಣುತ್ತವೆ, ಒಂದೊಂದಕ್ಕೂ ಮೂರು ಪರಿಸರ. ಈನಾಲ್‌ನ ಚಿತ್ರ ನೋಡಿದರೆ ಐದು ಇರಬೇಕೆನಿಸುತ್ತದೆ; ಆದರೆ ಎರಡು ಆಮ್ಲಜನಕಗಳ ನಡುವೆ ಹೈಡ್ರೋಜನ್ ಅತಿ ವೇಗವಾಗಿ ಓಡಾಡುತ್ತಾ ಎರಡೂ ಬದಿಗಳನ್ನು ಸಮಮಾಡಿಬಿಡುತ್ತದೆ. ನಿಧಾನದ ಬದಲಾವಣೆ ಮತ್ತು ವೇಗದ ಬದಲಾವಣೆ ಒಂದೇ ರೋಹಿತದಲ್ಲಿ ಹೀಗೆ ಜೊತೆಯಾಗಿ ಕಾಣುವುದು ವಿರಳ.

ಎಣಿಕೆಯ ಬಲ ಎಷ್ಟೆಂದು ತಿಳಿಯಬೇಕಾದರೆ 1990ಕ್ಕೆ ಹೋಗಬೇಕು. ಅರವತ್ತು ಕಾರ್ಬನ್‌ಗಳ ಅಣುವೊಂದು ಚೆಂಡಿನಾಕಾರದಲ್ಲಿದೆ ಎಂದು ಕ್ರೋಟೋ, ಸ್ಮಾಲಿ, ಕರ್ಲ್ ಮತ್ತು ಸಂಗಡಿಗರು 1985ರಲ್ಲಿ ಸೂಚಿಸಿದ್ದರು. ಹಾಗಿದ್ದರೆ ಅರವತ್ತೂ ಕಾರ್ಬನ್‌ಗಳು ಸಮಮಿತಿಯಿಂದ ಒಂದೇ ಆಗಬೇಕು, ಗೆರೆ ಒಂದೇ ಬರಬೇಕು. ಸಾಕಷ್ಟು ದ್ರವ್ಯ ಕೈಗೆ ಸಿಕ್ಕಿದ್ದು 1990ರಲ್ಲಿ. ರೋಹಿತ ತೆಗೆದಾಗ 143 ಪಿಪಿಎಂ ಬಳಿ ಒಂದೇ ಒಂದು ಗೆರೆ. ಜೊತೆಯಲ್ಲಿ ಬೇರ್ಪಡಿಸಿದ ಎಪ್ಪತ್ತು ಕಾರ್ಬನ್‌ಗಳ ಅಣುವಿನಲ್ಲಿ ಐದು ಗೆರೆಗಳು. ಉದ್ದವಾದ ಚೆಂಡಿನ ಸಮಮಿತಿ ಹೇಳಿದ್ದೂ ಐದನ್ನೇ. ಕಾರ್ಬನ್ ಎನ್‌ಎಂಆರ್‌ನ ಇತಿಹಾಸದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಪುರಾವೆ ನನಗೆ ಕಂಡಿಲ್ಲ.

ನಿಮ್ಮ ಮಟ್ಟದ ಅಭ್ಯಾಸಕ್ಕೆ ಮೂರು ಟ್ರೈಮೀಥೈಲ್‌ಬೆಂಜೀನ್‌ಗಳನ್ನು ತೆಗೆದುಕೊಳ್ಳಿ. ಸಮತಲಗಳನ್ನು ಎಳೆದು ಎಣಿಸಿ: 1,3,5 ರೂಪಕ್ಕೆ ಮೂರು, 1,2,3 ರೂಪಕ್ಕೆ ಆರು, 1,2,4 ರೂಪಕ್ಕೆ ಒಂಬತ್ತು ಬಂದರೆ ವಿಧಾನ ಕೈಗೆ ಹತ್ತಿದೆ ಎಂದರ್ಥ. ಬಳಿಕ ನ್ಯಾಫ್ತಲೀನ್ ಮಾಡಿ, ಮೂರು ಬರಬೇಕು. ಆಂಥ್ರಸೀನ್‌ಗೆ ನಾಲ್ಕು. ಅದರಷ್ಟೇ ಕಾರ್ಬನ್‌ಗಳಿರುವ ಫಿನಾಂಥ್ರೀನ್‌ಗೆ ಏಳು. ಪ್ಯಾರಾಸಿಟಮಾಲ್‌ನ ಎಂಟು ಕಾರ್ಬನ್‌ಗಳು ಆರಾಗುವುದು ಏಕೆ ಎಂದು ಹೇಳಬಲ್ಲಿರಾದರೆ ಪ್ಯಾರಾ ಉಂಗುರಗಳು ನಿಮ್ಮನ್ನು ಇನ್ನು ಕಾಡುವುದಿಲ್ಲ.

ಎಣಿಕೆಯೊಂದೇ ಸಾಲದ ಸಂದರ್ಭಗಳೂ ಬರುತ್ತವೆ. 1-ಬ್ಯೂಟನಾಲ್ ಮತ್ತು 2-ಬ್ಯೂಟನಾಲ್ ಎರಡರಲ್ಲೂ ನಾಲ್ಕು ಕಾರ್ಬನ್, ನಾಲ್ಕು ಗೆರೆ. ಅಲ್ಲಿ ಗೆರೆಗಳ ಜಾಗವನ್ನು ನೋಡಬೇಕು: ಆಮ್ಲಜನಕ ಹೊತ್ತ ಕಾರ್ಬನ್ ಮೊದಲನೆಯದರಲ್ಲಿ 62–63ರ ಬಳಿ, ಎರಡನೆಯದರಲ್ಲಿ 69ರ ಬಳಿ. ಇನ್ನೂ ಖಚಿತವಾಗಬೇಕೆಂದರೆ ಡೆಪ್ಟ್-135 ಪ್ರಯೋಗ ಮಾಡಿ. ಅದರಲ್ಲಿ ಸಿಎಚ್ ಮತ್ತು ಸಿಎಚ್3 ಗೆರೆಗಳು ಮೇಲ್ಮುಖವಾಗಿ, ಸಿಎಚ್2 ಗೆರೆಗಳು ಕೆಳಮುಖವಾಗಿ ಬರುತ್ತವೆ. ಹೈಡ್ರೋಜನ್ ಇಲ್ಲದ ಕಾರ್ಬನ್‌ಗಳು ಕಾಣುವುದೇ ಇಲ್ಲ. ಕೆಳಮುಖವಾಗಿ ಮೂರು ಗೆರೆಗಳಿದ್ದರೆ ನಿಮ್ಮ ಕೈಯಲ್ಲಿರುವುದು 1-ಬ್ಯೂಟನಾಲ್, ಒಂದೇ ಇದ್ದರೆ 2-ಬ್ಯೂಟನಾಲ್.